ಹದಿನೇಳು ಹೆಸರು

2023ರ ಚಳಿಗಾಲದಲ್ಲಿ ಆ ಊರಿನ ಕಟ್ಟೆಯ ಮೇಲೆ ಒಂದು ಚೇಷ್ಟೆಯ ಮಾತು ಓಡಾಡುತ್ತಿತ್ತು. “ಈ ವರ್ಷ ಹೆಸರು ಹೊಲ್ದಾಗ ಬರ್ಲಿಲ್ಲ, ಹಾಜರ್ಯಾಗ ಬಂತು.” ಹೇಳಿದವರೂ ನಗುತ್ತಿದ್ದರು, ಕೇಳಿದವರೂ ನಗುತ್ತಿದ್ದರು. ನಾನೂ ಸುಮ್ನೆ ನಕ್ಕಿದ್ದೆ. ಅರ್ಥ ಆದದ್ದು ಆಮೇಲೆ.

ನಾನು ಧಾರವಾಡದಲ್ಲಿ ಇರುವವನು. ಕೂಲಿ ಕೆಲಸ ಕೇಳುವವರಿಗೆ ಅರ್ಜಿ ಬರೆದುಕೊಡುವ, ಪಂಚಾಯ್ತಿಗೆ ಜೊತೆ ಹೋಗುವ ನಾಲ್ಕೈದು ಜನರ ಗುಂಪಿನಲ್ಲೊಬ್ಬ. ಇಲ್ಲಿ ಬರೆಯುತ್ತಿರುವುದು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಡೆದದ್ದು. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕ ಮಾತ್ರ ಇದ್ದ ಹಾಗೇ ಇದೆ, ಯಾಕೆಂದರೆ ಈ ಪ್ರಕರಣ ತಿರುಗಿದ್ದೇ ಲೆಕ್ಕದ ಮೇಲೆ. ನಡುವೆ ನಿಂತಿರುವ ಹೆಣ್ಣುಮಗಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಊರು ಮತ್ತು ಅಕ್ಕ

ಎರಿ ಭೂಮಿಯ ಊರು. ಮಳೆ ಬಂದರೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ. ಬರದಿದ್ದರೆ ಗೋವಾ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ, ಎರಡು ತಲೆಮಾರಿನ ರೂಢಿ. ಅಕ್ಕ ಮತ್ತು ಗಂಡ ಒಂಬತ್ತು ವರ್ಷ ವಾಸ್ಕೋದ ಬೈನಾ ಕಡೆ ಗೌಂಡಿ ಕೆಲಸಕ್ಕೆ ದುಡಿದವರು. ಅಲ್ಲಿ ನಮ್ಮ ಕಡೆಯವರನ್ನು ‘ಘಾಂಟಿ’ ಎನ್ನುತ್ತಾರೆ. ಆ ಮಾತನ್ನು ಅಕ್ಕ ಇವತ್ತಿಗೂ ಹಲ್ಲು ಕಚ್ಚಿಕೊಂಡೇ ಹೇಳುತ್ತಾರೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದರು. ಬಂದ ಮೇಲೆ ಹೋಗುವುದಿಲ್ಲ ಎಂದು ಹಟ ಹಿಡಿದರು. “ಉಪಾಸ ಇದ್ರೂ ನಮ್ಮೂರಾಗ ಇರೂಣು ಅಂದ್ನಿರಿ. ಉಪಾಸ ಅಂದ್ರ ಏನಂತ ಮರ್ತಿದ್ದೆ.”

ಎಸ್ಸೆಸ್ಸೆಲ್ಸಿವರೆಗೆ ಓದಿದ್ದರು, ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಹಾಗಾಗಿ ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು ಆದರು. ಕೆಲಸದ ಜಾಗದಲ್ಲಿ ಕೂಲಿಕಾರರ ಹಾಜರಿ ಹಾಕುವುದು, ಅಳತೆ ಹಾಕಿಕೊಡುವುದು, ನೀರು ನೆರಳು ನೋಡಿಕೊಳ್ಳುವುದು ಕಾಯಕ ಬಂಧುವಿನ ಕೆಲಸ. ಸಿಗುವ ಹಣ ಕಡಿಮೆ, ಅದೂ ತಡ. ಆದರೆ ಊರಲ್ಲಿ ಒಂದು ಮರ್ಯಾದೆ ಇರುತ್ತದೆ. ನಲವತ್ತು ಮಂದಿ “ಅಕ್ಕಾ, ನಮ್ದೂ ಹೆಸರು ಹಾಕ್ರಿ” ಎಂದು ಬಾಗಿಲಿಗೆ ಬರುತ್ತಾರೆ. ಗೋವಾದಲ್ಲಿ ಒಂಬತ್ತು ವರ್ಷ ಯಾರೂ ಬಾಗಿಲಿಗೆ ಬಂದಿರಲಿಲ್ಲ.

ಆಗಿನ ನಿಯಮ ಗೊತ್ತಿಲ್ಲದವರಿಗೆ ನಾಲ್ಕು ಮಾತು. 2005ರ ಕಾಯ್ದೆ ಅದು. ವರ್ಷಕ್ಕೆ ಒಂದು ಕುಟುಂಬಕ್ಕೆ 100 ದಿನದ ಕೆಲಸ ಇತ್ತು. ಗುತ್ತಿಗೆದಾರ ಇರಕೂಡದಿತ್ತು, ಕೂಲಿಕಾರರ ಕೆಲಸ ಕಸಿಯುವ ಮಷಿನ್ ಇಳಿಸಕೂಡದಿತ್ತು. ಕೆಲಸ ಬೇಕಾದವರು ನಮೂನೆ 6 ಕೊಡಬೇಕಿತ್ತು. ಕೂಲಿ ಸೀದಾ ಬ್ಯಾಂಕ್ ಖಾತೆಗೆ. 2023-24ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 316 ರೂಪಾಯಿ ಇತ್ತು. 2023ರ ಜನವರಿಯಿಂದ ಹಾಜರಿ ಮೊಬೈಲ್ ಆಪಿನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಜಾಗದಲ್ಲೇ ನಿಂತು ಫೋಟೊ ತೆಗೆಯಬೇಕು ಎಂದು ಕಡ್ಡಾಯ ಮಾಡಿದರು.

ಆ ವರ್ಷವೇ ಬರ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಹೆಸರು ಹೂವಾಡುವ ಹೊತ್ತಿಗೆ ಒಣಗಿತು. ಬರದ ತಾಲೂಕಿನಲ್ಲಿ ಇನ್ನೂ 50 ದಿನ ಸೇರಿಸಿ 150 ದಿನ ಕೊಡಲು ಅವಕಾಶ ಇತ್ತು. ರಾಜ್ಯ ಕೇಳಿತು, ಕೇಂದ್ರದ ಕಡೆಯಿಂದ ಬರಬೇಕಿತ್ತು. ಫೆಬ್ರವರಿ ಬಂದರೂ ಈ ಊರಿನ ಯಾರ ಜಾಬ್ ಕಾರ್ಡಿಗೂ ಆ 50 ದಿನ ಬಂದಿರಲಿಲ್ಲ. ಬರ ಪರಿಹಾರದ್ದೂ ಅದೇ ಕಥೆ. ರಾಜ್ಯ ಕೊಟ್ಟ ಮೊದಲ ಕಂತು ಎರಡು ಸಾವಿರದ ಒಳಗೆ. ಉಳಿದದ್ದಕ್ಕೆ ಎರಡು ಸರ್ಕಾರ ಜಗಳ ಆಡಿದವು. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,400 ಕೋಟಿ ಬಿಡುಗಡೆ ಆಯಿತು. ಅಷ್ಟೊತ್ತಿಗೆ ಬೇಸಿಗೆಯೇ ಮುಗಿಯುತ್ತಾ ಬಂದಿತ್ತು, ಚುನಾವಣೆ ಮನೆ ಬಾಗಿಲಿಗೆ ಬಂದಿತ್ತು.

ನಡೆದದ್ದು ಏನು

ಊರ ಹಳ್ಳದ ಹೂಳೆತ್ತುವ ಕೆಲಸ ಮಂಜೂರಾಗಿತ್ತು. ನಲವತ್ತಕ್ಕೂ ಜಾಸ್ತಿ ಜನ ನಮೂನೆ 6 ಕೊಟ್ಟಿದ್ದರು. ನವೆಂಬರಿನ ಎರಡು ರಾತ್ರಿ ಜೆಸಿಬಿ ಬಂದು ಹಳ್ಳ ಕೆದರಿ ಹೋಯಿತು. ಜೆಸಿಬಿ ಪಂಚಾಯ್ತಿಯ ಒಬ್ಬ ಮೆಂಬರ್ ಕಡೆಯದು. ಇನ್ನು ಅದಕ್ಕೆ ಜನರ ಹೆಸರಲ್ಲಿ ಹಾಜರಿ ಬೇಕು.

ಮೆಂಬರ್ ಅಕ್ಕನ ಮನೆಗೆ ಬಂದ. ಬೈಯಲಿಲ್ಲ, ಬೆದರಿಸಲಿಲ್ಲ. ಚಹಾ ಕುಡಿದ. “ಹೆಸರು ಹಾಕು ತಂಗಿ, ಹೆಸರಿಗೆ ವಾರಕ್ಕ ಐವತ್ತು ನಿನಗ. ಇಲ್ಲಂದ್ರ ಬ್ಯಾರೆ ಹುಡುಗಿ ಕಾಯಕ ಬಂಧು ಆಗಾಕ ಕಾಯಾಕತ್ತಾಳ.” ಅಷ್ಟೇ ಮಾತು.

ಪಂಚಾಯ್ತಿಯ ಕಂಪ್ಯೂಟರ್ ಹುಡುಗ ದಾರಿ ತೋರಿಸಿದ. ಹಳೆಯ ಕೆಲಸದ ಗುಂಪಿನ ಫೋಟೊ ಪ್ರಿಂಟ್ ಹಾಕಿಸಿಕೊಟ್ಟ. ಅಕ್ಕ ದಿನಾ ಹಳ್ಳದ ದಂಡೆಗೆ ಹೋಗಿ, ಆ ಕಾಗದದ ಫೋಟೊವನ್ನೇ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕಳ್ಳತನ ತಡೆಯಲು ತಂದ ಆಪನ್ನು ಒಂದು ಪ್ರಿಂಟು ಸೋಲಿಸಿತು. “ಒಬ್ಬಾಕೀನ ಹಳ್ಳದಾಗ ನಿಂತು ಕಾಗದಕ್ಕ ಫೋಟೊ ಹೊಡೀತಿದ್ದೆ ಸರ. ನಗು ಬರ್ತಿತ್ತು ಮೊದ್ಲ ಮೊದ್ಲ.”

ಎಂಟು ವಾರ ನಡೆಯಿತು. ವಾರಕ್ಕೆ ಆರು ದಿನದಂತೆ 48 ದಿನ. ಹದಿನೇಳು ಹೆಸರು. ಒಂದು ಹೆಸರಿಗೆ 15,168 ರೂಪಾಯಿ, ಒಟ್ಟು 2,57,856. ಹಣ ಕಾರ್ಡಿನವರ ಖಾತೆಗೆ ಬೀಳುತ್ತಿತ್ತು. ವಾರದ 1,896ರಲ್ಲಿ ಮುನ್ನೂರು ಕಾರ್ಡಿನವರು ಇಟ್ಟುಕೊಂಡು ಉಳಿದದ್ದನ್ನು ಮೆಂಬರ್ ಕಡೆಯ ಹುಡುಗನಿಗೆ ಕೊಡುತ್ತಿದ್ದರು. ಅಕ್ಕನಿಗೆ ಎಂಟು ವಾರಕ್ಕೆ ಬಂದದ್ದು 6,800.

ಅಕ್ಕನ ಮನೆಯ ಸ್ಥಿತಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಂಘದ ಸಾಲದ ವಾರದ ಕಂತು 840 ರೂಪಾಯಿ. ಕಂತಿನವರು ಬಂದು ಅಂಗಳದಲ್ಲಿ ಕೂತರೆ ದುಡ್ಡು ಸಿಗುವ ತನಕ ಏಳುತ್ತಿರಲಿಲ್ಲ. ಸಂಘದ ಉಳಿದ ಹೆಂಗಸರನ್ನೂ ಕರೆಸಿ ಕೂಡಿಸುತ್ತಿದ್ದರು. ಗಂಡ ದುಡಿದರೆ ಕುಡಿಯುತ್ತಿದ್ದ, ದುಡಿಯದಿದ್ದರೆ ಹೊಡೆಯುತ್ತಿದ್ದ. ಇದನ್ನೆಲ್ಲ ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ: ಈಕೆಯದು ಏನು ತಪ್ಪು? ಆ ಅನಿಸಿಕೆಯೇ ಮುಂದೆ ನಮ್ಮ ಮೊದಲ ತಪ್ಪಾಯಿತು.

ಫೆಬ್ರವರಿಯಲ್ಲಿ ಒಬ್ಬ ಅಜ್ಜಿ ಪಂಚಾಯ್ತಿಗೆ ಕೆಲಸ ಕೇಳಲು ಹೋದರು. ಅಕ್ಕನಿಗೆ ವರಸೆಯಲ್ಲಿ ದೊಡ್ಡವ್ವ. ಗಂಡ ಇಲ್ಲ, ಸಣ್ಣ ಮೊಮ್ಮಗನೊಂದಿಗೆ ಇರುವವರು. ಅದೇ ಲೆಕ್ಕದ ವರ್ಷದೊಳಗೆ, 2023ರ ಬೇಸಿಗೆಯಲ್ಲಿ, ಅವರು ಬದು ಹಾಕುವ ಕೆಲಸದಲ್ಲಿ ನಿಜಕ್ಕೂ 52 ದಿನ ದುಡಿದಿದ್ದರು. ಕಂಪ್ಯೂಟರ್ ನೋಡಿ ಹುಡುಗ ಹೇಳಿದ: “ಯಮ್ಮಾ, ನಿಮ್ದು ನೂರು ದಿನ ಮುಗದೈತಿ.” ಅವರ ಜಾಬ್ ಕಾರ್ಡೂ ಎಟಿಎಂ ಕಾರ್ಡೂ ಮೈದುನನ ಮಗನ ಹತ್ತಿರ ಇದ್ದವು. ಹದಿನೇಳರಲ್ಲಿ ಅವರೂ ಒಬ್ಬರು. ಅವರಿಗೆ ಗೊತ್ತೇ ಇರಲಿಲ್ಲ.

ದೊಡ್ಡವ್ವ ಯಾರನ್ನೂ ಬೈಯಲಿಲ್ಲ. ಮೊಮ್ಮಗನನ್ನು ಕರೆದುಕೊಂಡು, ಊರಿನ ಇನ್ನಿಬ್ಬರು ಹೆಂಗಸರ ಜೊತೆ ಹುಬ್ಬಳ್ಳಿಗೆ ಬಂದು ವಾಸ್ಕೋ ರೈಲು ಹತ್ತಿದರು. ಅಲ್ಲಿ ಮನೆ ಮನೆ ಪಾತ್ರೆ ತೊಳೆಯುವ ಕೆಲಸ. ಹುಡುಗನ ಶಾಲೆ ಅಲ್ಲಿಗೇ ನಿಂತಿತು. ಬಸ್ಸಿಗೆ ಹೋಗುವ ಮುಂಚೆ ಅಕ್ಕನ ಮನೆ ಮುಂದೆ ನಿಂತು, “ಬರ್ತೀನವ್ವಾ, ನೀನೂ ಮೊದ್ಲ ಅಲ್ಲೇ ಇದ್ದೆಲ್ಲಾ, ಯಾವ ಓಣಿ ಚಲೋ ಐತಿ ಹೇಳು” ಎಂದು ಕೇಳಿದರಂತೆ. ಅಕ್ಕ ಓಣಿ ಹೇಳಿದರು. ಬಾಗಿಲು ಹಾಕಿಕೊಂಡು ಅತ್ತರು. ಮೂರನೇ ದಿನ ನನಗೆ ಫೋನ್ ಮಾಡಿದರು.

ಏನೇನು ಮಾಡಿ ನೋಡಿದೆವು

ಅಕ್ಕ ಮೊದಲೇ ಒಂದು ಪ್ರಯತ್ನ ಮಾಡಿದ್ದರು. ಸಾಲ ಮಾಡಿ 6,800 ರೂಪಾಯಿ ಒಟ್ಟು ಮಾಡಿ ಮೆಂಬರ್ ಮನೆಗೆ ವಾಪಸ್ ಕೊಡಲು ಹೋದರು. ಮೆಂಬರ್ ನಕ್ಕು, “ಇಟಗೊ ತಂಗಿ, ಮುಂದಿನ ಕೆಲಸಕ್ಕ ಅಡ್ವಾನ್ಸ್” ಎಂದನಂತೆ. ಹಣ ಯಾರದು ಹೋಗಿತ್ತೋ ಅವರಿಗೆ ಕೊಡದೆ, ಯಾರು ಹೊಡೆದುಕೊಂಡನೋ ಅವನಿಗೇ ಕೊಡಲು ಹೋಗಿದ್ದು ಎಂಥ ಮಾತು ಎಂದು ಅಕ್ಕನೇ ಆಮೇಲೆ ಹಣೆ ಬಡಿದುಕೊಂಡರು.

ನಾವು ಹೋದೆವು. ಉದ್ಯೋಗ ಖಾತ್ರಿಗೆ ಜಿಲ್ಲೆಗೊಬ್ಬ ಓಂಬುಡ್ಸ್‌ಮನ್ ಇರುತ್ತಿದ್ದರು, ಅವರಿಗೆ ದೂರು ಕೊಡಬಹುದಿತ್ತು. ಒಂದು ರಾತ್ರಿ ಕೂತು ದೂರು ಬರೆದೆವು. ಚೆನ್ನಾಗಿ ಬರೆದಿದ್ದೆವು ಎಂದೇ ನನಗೆ ಅನಿಸಿತ್ತು. ಬಡತನ, ಕಂತಿನವರ ಕಾಟ, ಮೆಂಬರ್ ಒತ್ತಡ, ಕೆಲಸ ಹೋಗುವ ಭಯ. ಎಲ್ಲ ಸಾಲಿನಲ್ಲೂ ‘ಒತ್ತಡಕ್ಕೆ ಒಳಗಾಗಿ’, ‘ಅನಿವಾರ್ಯವಾಗಿ’. ಅಕ್ಕ ಓದಿದರು. ಪೆನ್ನು ಕೆಳಗಿಟ್ಟರು.

“ಇದ್ರಾಗ ನಾನ ಇಲ್ಲಲ್ರೀ.”

ನನಗೆ ಅರ್ಥವಾಗಲಿಲ್ಲ.

“ಮೆಂಬರ್ ಕೇಳಿದ್ದು ಹನ್ನೆರಡ ಹೆಸರು ಸರ. ಹನ್ನೆರಡಕ್ಕ ವಾರಕ್ಕ ಆರ್ನೂರ ಬರ್ತಿತ್ತು. ಕಂತು ಎಂಟ್ನೂರಾ ನಲವತ್ತು. ಇನ್ನೂ ಐದು ಹಾಕಿದ್ರ ಎಂಟ್ನೂರಾ ಐವತ್ತ ಆಗ್ತೈತಿ ಅಂತ ಲೆಕ್ಕಾ ಹಾಕಿದಾಕಿ ನಾನ. ಆ ಐದು ಹೆಸರು ಹುಡುಕಿದಾಕೀನೂ ನಾನ. ದೊಡ್ಡವ್ವಂದು ಆ ಐದ್ರಾಗಿಂದು.”

ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಯಾರೂ ಮಾತಾಡಲಿಲ್ಲ. ಈ ಪ್ರಕರಣದ ತಿರುವು ಅದೇ. ಅಲ್ಲಿಯವರೆಗೆ ನಮ್ಮ ಕಣ್ಣಿಗೆ ಅಕ್ಕ ಒಬ್ಬ ಬಲಿಪಶು. ಬಲಿಪಶುವಿಗೆ ಲೆಕ್ಕ ಹಾಕಲು ಬರುತ್ತದೆ ಎಂಬುದೇ ನಮಗೆ ಹೊಳೆದಿರಲಿಲ್ಲ. ಒತ್ತಡ ನಿಜ, ಆದರೆ ಅದು ಹನ್ನೆರಡಕ್ಕೆ ನಿಂತಿತ್ತು. ಮುಂದಿನ ಐದನ್ನು ನಾವು ಬರೆದ ಕಾಗದ ನುಂಗಿ ಹಾಕಿತ್ತು.

ನಮ್ಮಲ್ಲೊಬ್ಬಳು ಸಮಾಧಾನಕ್ಕೆ ಹೇಳಿದಳು: ಮೇಲಿನವರು ಕೋಟಿ ತಿನ್ನುವಾಗ, ಸರ್ಕಾರಗಳೇ ಜಗಳ ಆಡಿ 50 ದಿನ ಕೊಡದೆ ಇರುವಾಗ, ನಿಮ್ಮ ಐದು ಹೆಸರು ಯಾವ ಲೆಕ್ಕ ಅಕ್ಕಾ. ಅಕ್ಕ ತುಸು ಹೊತ್ತು ಸುಮ್ಮನಿದ್ದರು. “ಖರೇನ. ದೊಡ್ಡವ್ವಂದು ಮ್ಯಾಲಿನವ್ರು ಐವತ್ತು ದಿನ ತಿಂದ್ರು, ನಾವು ನಲವತ್ತೆಂಟ ತಿಂದ್ವಿ. ಐವತ್ತಕ್ಕ ನೀವು ಹೊಡದಾಡ್ರಿ. ನಲವತ್ತೆಂಟು ಯಾರು ಕೊಡಬೇಕು?”

ಗದಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮತ್ತೊಮ್ಮೆ ಮಾತಾಡಿದೆವು. ನಾನು ಏನೋ ದೊಡ್ಡ ಮಾತು ಹೇಳಬೇಕೆಂದು ಇದೇ ಜಿಲ್ಲೆಯ ಕಣಗಿನಹಾಳದ ಕಥೆ ತೆಗೆದೆ. 1905ರಲ್ಲಿ ಅಲ್ಲಿ ಸಹಕಾರ ಸಂಘ ಹುಟ್ಟಿತು, ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದು ಹೆಸರು. 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಕ್ಕೆ ಅನಿಯಮಿತ ಹೊಣೆ ಇತ್ತು. ಅಂದರೆ ಒಬ್ಬ ಸಾಲ ತೀರಿಸದಿದ್ದರೆ ಎಲ್ಲ ಸದಸ್ಯರೂ ತಮ್ಮ ಆಸ್ತಿಯಿಂದ ಹೊಣೆ. ಹಾಗಾಗಿ ಇದು ಇಡೀ ಊರಿನ ಹೊಣೆ, ನಿಮ್ಮೊಬ್ಬರದಲ್ಲ ಎಂದು ಹೇಳುವುದು ನನ್ನ ಉದ್ದೇಶ. ಅಕ್ಕ ಅದನ್ನು ಬೇರೆ ರೀತಿ ಕೇಳಿಸಿಕೊಂಡರು. “ಹಂಗಾದ್ರ ನನ್ನ ಪಾಲು ಇಷ್ಟ ಅಂತ ಹೇಳಾಕ ಬರಂಗಿಲ್ಲಲ್ರೀ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆದರೂ ಅಕ್ಕನೇ ಒಂದು ಗೆರೆ ಎಳೆದುಕೊಂಡರು. ಐದು ಹೆಸರು ಪೂರ್ತಿ ತನ್ನದು. ಹನ್ನೆರಡು ಎಲ್ಲರದು, ಅದರಲ್ಲಿ ತಾನೂ ಒಬ್ಬಳು. ದೊಡ್ಡವ್ವನ 15,168 ರೂಪಾಯಿ ಯಾವ ಕಚೇರಿ ಏನೇ ಹೇಳಲಿ, ತಾನು ಕೊಡುವುದು.

ಮುಂದೆ ಹೋಗುವ ಮೊದಲು ಒಂದು ಕೆಲಸ ಸರಿಯಾಗಿ ಮಾಡಿದೆವು. ಏನಾಗಬಹುದು ಎಂಬುದನ್ನು ಮುಚ್ಚಿಡದೆ ಹೇಳಿದೆವು. ಉದ್ಯೋಗ ಖಾತ್ರಿ ಕಾಯ್ದೆಯ 25ನೇ ಕಲಮಿನಲ್ಲಿ ದಂಡ ಇದ್ದದ್ದು 1,000 ರೂಪಾಯಿವರೆಗೆ. ಕೇಳಿದರೆ ನಗು ಬರುತ್ತದೆ, ಅಲ್ವಾ. ಆದರೆ ವಂಚನೆ ಎಂದು ಪೊಲೀಸ್ ಕೇಸ್ ಹಾಕಿದರೆ ಏಳು ವರ್ಷದವರೆಗೆ ಜೈಲು ಆಗಬಹುದು. ಸಹಿ ನಿಮ್ಮದು, ಮೆಂಬರ್ ಸಹಿ ಎಲ್ಲೂ ಇಲ್ಲ. ಅಕ್ಕ ಎರಡು ದಿನ ಟೈಮ್ ತೆಗೆದುಕೊಂಡರು.

ಆ ಎರಡು ದಿನದಲ್ಲಿ ವಾಸ್ಕೋಗೆ ಫೋನ್ ಮಾಡಿ ದೊಡ್ಡವ್ವನಿಗೆ ಎಲ್ಲ ಹೇಳಿದರು. ನಾನು ಅಂದುಕೊಂಡಿದ್ದೆ, ಒಂದೋ ಶಾಪ ಹಾಕುತ್ತಾರೆ, ಇಲ್ಲ ಹೋಗಲಿ ಬಿಡವ್ವಾ ಎನ್ನುತ್ತಾರೆ ಎಂದು. ಎರಡೂ ಆಗಲಿಲ್ಲ. ದೊಡ್ಡವ್ವ ಕೇಳಿದ್ದು: “ಯಾವಾಗಿಂದ ಕೊಡ್ತಿ?” ತಿಂಗಳಿಗೆ ಐನೂರು ಎಂದು ಮಾತಾಯಿತು. ಹಣ ಕೈಗೆ ಸಿಗುವ ತನಕ ಕ್ಷಮೆಯ ಮಾತೇ ಬೇಡ ಎಂಬ ಆ ಒರಟುತನ ನನಗೆ ಇಷ್ಟವಾಯಿತು. ಅಕ್ಕನಿಗೂ ಅದರಿಂದಲೇ ಧೈರ್ಯ ಬಂತು.

ಮನೆ ಮನೆ

ಉಳಿದ ಹದಿನಾರು ಮನೆಗಳಿಗೆ ಅಕ್ಕ ತಾನೇ ಹೋದರು. ನಾವು ಯಾರೂ ಜೊತೆಗೆ ಹೋಗಬಾರದು ಎಂದು ಅವರದೇ ಷರತ್ತು. ಊರ ಹೊರಗಿನವರು ಬಂದರೆ ಮಾತು ಬೇರೆಯಾಗುತ್ತದೆ ಎಂದರು. ಅದು ಸರಿ ಇತ್ತು.

ಎರಡು ಮನೆಯವರು ಬಾಗಿಲು ತೆಗೆಯಲಿಲ್ಲ. ಒಬ್ಬಾಕೆ ಮುನ್ನೂರರಲ್ಲಿ ಮಗುವಿಗೆ ಔಷಧಿ ತಂದಿದ್ದೆ, ಈಗೇನು ಕಕ್ಕಲಾ ಎಂದು ಜಗಳಕ್ಕೆ ಬಂದಳು. ಒಬ್ಬ ಹಿರಿಯರು ಕಟ್ಟೆಯ ಮೇಲೆ ಎಲ್ಲರೂ ಕೇಳುವಂತೆ ಹೇಳಿದರು: “1980ರಾಗ ನರಗುಂದದಾಗ ಗುಂಡಿಗೆ ಎದಿ ಕೊಟ್ಟ ಮಂದಿ ನಾವು. ಸರ್ಕಾರ ನಮಗ ಬಾಕಿ ಐತಿ, ನಾವು ಸರ್ಕಾರಕ್ಕಲ್ಲ.” 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿದ್ದು, ರೈತರು ಸತ್ತದ್ದು ನಿಜ. ಆ ಬಾಕಿಯೂ ನಿಜ. ಅಕ್ಕ ಕೊಟ್ಟ ಉತ್ತರ: “ಸರ್ಕಾರದ್ದು ಬಿಡು ಕಾಕಾ, ನಾವು ತಿಂದಿದ್ದು ದೊಡ್ಡವ್ವಂದು.” ಹಿರಿಯರು ಎದ್ದು ಹೋದರು.

ಇನ್ನೊಂದು ಸಂಗತಿ ಹೇಳಬೇಕು. ಊರಿನ ಮಠದಲ್ಲಿ ಪ್ರವಚನ ನಡೆದಿತ್ತು. ಗಂಡ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಸುರಿದು ಬಾ ಎಂದು ವಾಪಸ್ ಕಳಿಸಿದ ಶರಣೆಯ ಕಥೆ ಬಂತು. ಎಲ್ಲರೂ ತಲೆದೂಗಿದರು. ಮೆಂಬರ್ ಮುಂದಿನ ಸಾಲಿನಲ್ಲೇ ಕೂತು ತಲೆದೂಗಿದ. ಅಕ್ಕ ಹೊರಗೆ ಬಂದು ನನಗೆ ಫೋನಿನಲ್ಲಿ ಸಿಟ್ಟಿನಿಂದ ಹೇಳಿದರು: “ಆಕಿ ಮನ್ಯಾಗ ವಾರದ ಕಂತು ಇರ್ಲಿಲ್ರೀ.” ಆದರೂ ಮರುದಿನ ಏಳನೇ ಮನೆಗೆ ಹೋದರು.

ಕೊನೆಗೆ ಆರು ಮನೆಯವರು ಪಾಸ್‌ಬುಕ್ ಕೊಟ್ಟರು. ಹಣ ಬಂದ ದಿನ, ತೆಗೆದ ದಿನ, ಎಲ್ಲ ಅದರಲ್ಲಿತ್ತು.

ಸುದ್ದಿ ಹರಡಿತು. ಗಂಡ ಮೊದಲು ಅಕ್ಕನಿಗೆ ಹೊಡೆದ. ಆಮೇಲೆ ಒಂದು ರಾತ್ರಿ ಊರ ಹೊರಗಿನ ರಸ್ತೆಯಲ್ಲಿ ಯಾರೋ ಗಂಡನಿಗೇ ಹೊಡೆದರು. ಮೊಣಕೈ ಮುರಿಯಿತು. ಪೊಲೀಸರ ಹತ್ತಿರ ಹೋದರೆ, “ಊರಾಗಿನ ಮಾತು ಊರಾಗ ಬಗಿಹರಿಸ್ಕೊಳ್ರಿ” ಎಂದರು. ವಾರದೊಳಗೆ ಗಂಡ ಗೋವಾ ಬಸ್ ಹತ್ತಿದ. ಅಕ್ಕ ಎರಡು ಮಕ್ಕಳ ಜೊತೆ ಒಬ್ಬರೇ ಉಳಿದರು.

ಇಲ್ಲಿ ನಮ್ಮ ತಪ್ಪು ದೊಡ್ಡದು. ಪಾಸ್‌ಬುಕ್ ಜೋಪಾನ ಮಾಡುವುದರ ಬಗ್ಗೆ ಯೋಚಿಸಿದ್ದೆವು, ಮೈ ಜೋಪಾನ ಮಾಡುವುದರ ಬಗ್ಗೆ ಯೋಚಿಸಿರಲಿಲ್ಲ. ಮೊದಲೇ ಲಿಖಿತ ದೂರು ಕೊಟ್ಟು ಮೇಲಿನ ಅಧಿಕಾರಿಗಳಿಗೆ ಪ್ರತಿ ಹೋಗಿದ್ದರೆ ಹೊಡೆಯುವವರು ಎರಡು ಸಲ ಯೋಚಿಸುತ್ತಿದ್ದರೇನೋ. ಹೊಡೆತ ಬಿದ್ದ ಮೇಲೆ ಆ ಕೆಲಸ ಮಾಡಿದೆವು. ನಾವೇನೋ ರಾತ್ರಿ ಧಾರವಾಡಕ್ಕೆ ಬಂದು ಮಲಗುವವರು. ಇಲ್ಲಿಗೆ ಬಿಡೋಣವೇ ಎಂದು ನಾನೇ ಕೇಳಿದೆ. “ಈಗ ಬಿಟ್ರ ಪೆಟ್ಟೂ ದಂಡ, ಹೇಳಿದ್ದೂ ದಂಡ” ಎಂದರು.

ಗ್ರಾಮಸಭೆ

ಲೋಕಸಭೆ ಚುನಾವಣೆ ಮುಗಿಯುವ ತನಕ ಏನೂ ಅಲ್ಲಾಡಲಿಲ್ಲ. ನಮ್ಮ ಕಡೆ ಮೇ 7ಕ್ಕೆ ಮತದಾನ ಆಯಿತು. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಯ ತಂಡ ಜುಲೈಯಲ್ಲಿ ಊರಿಗೆ ಬಂತು. ಮನೆ ಮನೆ ತಿರುಗಿ, ಹಳ್ಳ ಅಳೆದು, ಕೊನೆಗೆ ಗ್ರಾಮಸಭೆ ಕರೆದರು. ನರಗುಂದದ ಹುತಾತ್ಮ ದಿನಕ್ಕೆ ನಾಲ್ಕು ದಿನ ಮುಂಚೆ.

ಅಕ್ಕ ಎದ್ದು ನಿಂತು ನೋಟ್‌ಬುಕ್ ತೆಗೆದು ಓದಿದರು. ಮೊದಲು ತನ್ನ ಐದು, ತನಗೆ ಬಂದ 6,800. ಆಮೇಲೆ ಉಳಿದ ಹನ್ನೆರಡು. ಗದ್ದಲ ಆಗುತ್ತದೆ ಎಂದು ನಾವು ಹೆದರಿದ್ದೆವು. ಗದ್ದಲ ಆಗಲಿಲ್ಲ. ಮೆಂಬರ್ ನಿಧಾನಕ್ಕೆ ಎದ್ದು ಕೈ ಮುಗಿದು ಹೇಳಿದ: “ತಂಗಿ ತಪ್ಪು ಒಪ್ಪಿಕೊಂಡಾಳ. ದೊಡ್ಡ ಮನಸ್ಸು. ಆಕೀ ಮ್ಯಾಲ ಕ್ರಮ ಬ್ಯಾಡ್ರಿ ಅಂತ ನಾನ ಕೇಳ್ಕೋತೀನಿ.”

ಅದಕ್ಕೆ ನಾವು ತಯಾರಿರಲಿಲ್ಲ. ತಪ್ಪು ಒಪ್ಪಿಕೊಂಡವಳ ತಲೆಗೇ ಇಡೀ ತಪ್ಪು ಕಟ್ಟಿ, ಮೇಲೆ ಕರುಣೆಯ ಹೆಸರು ತೆಗೆದುಕೊಳ್ಳುವ ಜಾಣತನ ಅದು. ಸಭೆ ಅಲ್ಲಿಗೇ ಮುಗಿಯಬಹುದಿತ್ತು. ಆಗ ಪಾಸ್‌ಬುಕ್ ಕೊಟ್ಟಿದ್ದ ಆರರಲ್ಲಿ ಒಬ್ಬಾಕೆ ಕೂತಲ್ಲಿಂದಲೇ, “ನಾ ರೊಕ್ಕಾ ಅಕ್ಕಗ ಕೊಟ್ಟಿಲ್ಲ, ನಿಮ್ಮ ಹುಡುಗಗ ಕೊಟ್ಟೀನಿ” ಎಂದಳು. ಮುನ್ನೂರರಲ್ಲಿ ಔಷಧಿ ತಂದಿದ್ದ ಅದೇ ಹೆಣ್ಣುಮಗಳು. ಮತ್ತೆ ಮೂವರು ಎದ್ದರು. ಇಬ್ಬರು ಏಳಲಿಲ್ಲ, ತಲೆ ತಗ್ಗಿಸಿ ಕೂತರು. ಕಟ್ಟೆಯ ಹಿರಿಯರು ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದರು, ಮಾತಾಡಲಿಲ್ಲ.

ಆಮೇಲೆ

ತಂಡ 2,57,856 ರೂಪಾಯಿ ವಸೂಲಿಗೆ ಬರೆಯಿತು. ಮೇಲಿನ ವಿಚಾರಣೆಯಲ್ಲಿ ಅದು ಕರಗಿತು. ಸಭೆಯಲ್ಲಿ ಎದ್ದು ಹೇಳಿದ ನಾಲ್ಕು ಜನರದ್ದು ಮಾತ್ರ ರುಜುವಾತು ಎಂದರು. 60,672 ರೂಪಾಯಿ. ಅದನ್ನು ಕಾಗದದ ಮೇಲೆ ಸಹಿ ಇರುವ ನಾಲ್ವರಿಗೆ ಹಂಚಿದರು: ಪಿಡಿಓ, ಇಂಜಿನಿಯರ್, ಕಂಪ್ಯೂಟರ್ ಹುಡುಗ, ಅಕ್ಕ. ತಲೆಗೆ 15,168. ಸಂಬಳದವರು ಕಟ್ಟಿದರು, ಪಿಡಿಓಗೆ ವರ್ಗವಾಯಿತು. ಅಕ್ಕ ಕಾಯಕ ಬಂಧು ಕೆಲಸ ಕಳೆದುಕೊಂಡರು, ಸರ್ಕಾರದ ಕಂತನ್ನು ಕಿವಿಯೋಲೆ ಇಟ್ಟು ಕಟ್ಟಿದರು. ಮೆಂಬರ್ ಹೆಸರು ಯಾವ ಕಾಗದದಲ್ಲೂ ಇಲ್ಲ. ಅವನು ಆಮೇಲೂ ಮೆಂಬರ್ ಆಗಿಯೇ ಇದ್ದ. ಪೊಲೀಸ್ ಕೇಸ್ ಆಗಲಿಲ್ಲ. ಅದು ಅಕ್ಕನಿಗೆ ಒಳ್ಳೆಯದಾಯಿತು, ಮೆಂಬರ್‌ಗೂ.

ಬದಲಾದದ್ದೂ ಇದೆ. ಮುಂದಿನ ಬೇಸಿಗೆಯಲ್ಲಿ ಹಳ್ಳಕ್ಕೆ ಜೆಸಿಬಿ ಬರಲಿಲ್ಲ. ಕೂಲಿಕಾರರೇ ಒಂದು ರೂಢಿ ಮಾಡಿಕೊಂಡರು: ಸೋಮವಾರ ಕೆಲಸದ ಜಾಗದಲ್ಲಿ ಹಾಜರಿಯ ಹೆಸರುಗಳನ್ನು ಗಟ್ಟಿಯಾಗಿ ಓದುವುದು. ಹೆಸರು ಕೂಗಿದಾಗ ‘ಅದೀನಿ’ ಎನ್ನಬೇಕು. ಮೂರು ತಿಂಗಳು ನಡೆಯಿತು. ಹಬ್ಬದ ಸಮಯದಲ್ಲಿ ನಿಂತಿತು. ಮತ್ತೆ ಶುರುವಾಗಿದೆ ಎಂದು ಕೇಳಿದ್ದೇನೆ, ಹೋಗಿ ನೋಡಿಲ್ಲ.

ನಮ್ಮ ಗುಂಪಿನಲ್ಲಿ ಬದಲಾದದ್ದು ಜಾಸ್ತಿ. ಈಗ ಯಾರದೇ ದೂರನ್ನು ನಾವೇ ಬರೆದು ಸಹಿಗೆ ಇಡುವುದಿಲ್ಲ. ಮೊದಲು ಅವರು ಹೇಳಬೇಕು, ನಾವು ಬರೆದುಕೊಳ್ಳಬೇಕು, ಓದಿ ಹೇಳಿ ‘ಇದರಲ್ಲಿ ನೀವು ಇದ್ದೀರಾ’ ಎಂದು ಕೇಳಬೇಕು. ‘ಅನಿವಾರ್ಯವಾಗಿ’ ಎಂಬ ಪದ ಬಂದರೆ ನಿಲ್ಲಿಸಿ, ಎಷ್ಟರವರೆಗೆ ಎಂದು ಕೇಳುತ್ತೇವೆ. ಹಾನಿ ಯಾರಿಗಾಯಿತೋ ಅವರ ಜೊತೆ ಮೊದಲ ಮಾತು, ಕಚೇರಿ ಆಮೇಲೆ. ತಪ್ಪು ಒಪ್ಪಿಕೊಳ್ಳುವವರನ್ನು ಸಭೆಯಲ್ಲಿ ಒಬ್ಬರೇ ನಿಲ್ಲಿಸುವುದಿಲ್ಲ. ಜೊತೆಗೆ ಹೇಳುವವರು ಕನಿಷ್ಠ ಇಬ್ಬರಾದರೂ ಸಿಗುವ ತನಕ ಕಾಯುತ್ತೇವೆ. ಅವರ ಮನೆಯಲ್ಲಿ ಹೊಡೆಯುವ ಕೈ ಇದ್ದರೆ ಮೊದಲು ಅದರ ವಿಚಾರ. ಇದನ್ನೆಲ್ಲ ಅಕ್ಕನ ಮೇಲೆ ಪ್ರಯೋಗ ಮಾಡಿ ಕಲಿತೆವು ಎಂಬುದು ನಮ್ಮ ತಲೆಯ ಮೇಲಿದೆ.

ಬೇರೆ ಊರಿನ ಸಭೆಗೆ ಬಂದು ಮಾತಾಡಿ ಎಂದು ಒಂದೆರಡು ಸಲ ಅಕ್ಕನನ್ನು ಕರೆದೆ. ಬರಲಿಲ್ಲ. “ಕಳ್ಳತನ ಮಾಡಿ ಭಾಷಣ ಮಾಡೂದು ಚಂದ ಅಲ್ರಿ” ಎಂದರು. ಈಗ ಹೊಲದ ಕೂಲಿಗೆ ಹೋಗುತ್ತಾರೆ. ಗಂಡ ಗೋವಾದಿಂದ ಆಗಾಗ ಹಣ ಕಳಿಸುತ್ತಾನೆ, ಬರುವುದಿಲ್ಲ.

2024ರ ಏಪ್ರಿಲಿನಿಂದ ದೊಡ್ಡವ್ವನಿಗೆ ಐನೂರು ಹೋಗುತ್ತಿದೆ. ನಡುವೆ ಎರಡು ತಿಂಗಳು ತಪ್ಪಿತು. 2025ರ ಆಗಸ್ಟಿಗೆ ಹದಿನೈದು ಕಂತು ಆದವು, 7,500 ರೂಪಾಯಿ. ಇನ್ನೂ 7,668 ಬಾಕಿ. ಹಣ ಮುಟ್ಟಿದರೆ ದೊಡ್ಡವ್ವ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಅಷ್ಟೇ, ಮಾತಿಲ್ಲ. ಆ ತಿಂಗಳು ಮಾತ್ರ ಅಕ್ಕ ಎತ್ತುವ ತನಕ ಫೋನ್ ಬಡಿಯಿತು.

“ಹೆಸರು ಹೆಂಗದಾವ?” ಎಂದು ದೊಡ್ಡವ್ವ ಕೇಳಿದರು.

ಹೊಲದ್ದು ಕೇಳುತ್ತಿದ್ದಾರೆ ಎಂದು ತಿಳಿಯಲು ಅಕ್ಕನಿಗೆ ತುಸು ಹೊತ್ತು ಬೇಕಾಯಿತಂತೆ.

“ಈ ಸಲ ಬಂದಾವ ದೊಡ್ಡವ್ವಾ. ಮಳಿ ಬಿಟ್ರ ಕೈಗೆ ಸಿಗ್ತಾವ.”